ಮೂರು ಬೆರಳು ಉದ್ದದ ತೋಳು

ದರ್ಜಿಗೂ ಅವನ ತಮ್ಮನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಅಂಗಡಿ ಒಂದೇ, ನಡುವೆ ಹಲಗೆಯ ಗೋಡೆ. ಆಚೆ ತಮ್ಮ ಪ್ಯಾಂಟು ಹೊಲಿಯುತ್ತಿದ್ದ, ಈಚೆ ಅಣ್ಣ ಅಂಗಿ. ಜಗಳ ಹುಟ್ಟಿದ್ದು ಅಪ್ಪನ ಕತ್ತರಿ ಯಾರಿಗೆ ಎಂಬುದರಿಂದ. ಗೆದ್ದ ತಮ್ಮ ಅದನ್ನು ಮೊಳೆಗೆ ನೇತುಹಾಕಿದ್ದ. ಅದು ಪೂರಾ ಮೊಂಡಾಗಿತ್ತು.

ದರ್ಜಿಯ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸಿದಾಗ ಆಸ್ಪತ್ರೆಯವರು ಒಡಹುಟ್ಟಿದವರನ್ನೆಲ್ಲ ಪರೀಕ್ಷಿಸಿದರು. ಅಕ್ಕನದು ಹೊಂದಲಿಲ್ಲ. ಹತ್ತಕ್ಕೆ ಹತ್ತು ಹೊಂದಿದ್ದು ತಮ್ಮನದು. ಅವನು ತುಟಿ ಬಿಚ್ಚದೆ ಬಂದು ಮಜ್ಜೆ ಕೊಟ್ಟು ಹೋದ. ಅಣ್ಣ ಮನೆಗೆ ಬಂದ ದಿನ ಮಾತ್ರ ಬಾಗಿಲಲ್ಲಿ ನಿಂತು, "ಹೇಗಿದೀಯ?" ಎಂದ.

ಎರಡು ತಿಂಗಳಿಗೆ ದರ್ಜಿಯ ಅಂಗೈ, ತೋಳು ಕೆಂಪೇರಿ ಸುಲಿಯತೊಡಗಿದವು. ಚರ್ಮ ಕೆಂಪಾದರೆ ಅಂದೇ ಬನ್ನಿ ಎಂದು ಡಾಕ್ಟರು ಹೇಳಿದ್ದರು.

"ಹೋಗಿ ಏನು ಹೇಳಲಿ? ಅವನು ಕೊಟ್ಟಿದ್ದು ಒಗ್ಗಲಿಲ್ಲ ಅಂತಾನಾ? ಈಗಷ್ಟೇ ಬಾಯಿ ಬಿಟ್ಟಿದಾನೆ," ಎಂದ ಹೆಂಡತಿಗೆ.

"ಹೌದು ರೀ, ನಿಮ್ಮ ತಮ್ಮ ಮನಸ್ಸಿಗೆ ಹಚ್ಕೋತಾರೆ," ಎಂದಳು ಅವಳೂ.

ಹಲಗೆಯಾಚೆ ಕೇಳಿಸುವಂತೆ ಹನ್ನೊಂದು ವರ್ಷ ಆಡಬಾರದ್ದೆಲ್ಲ ಆಡಿದವನು ಈಗ ದಾಕ್ಷಿಣ್ಯಕ್ಕೆ ಜೀವ ಬಿಡಲು ಸಿದ್ಧನಾದ. ತುಂಬು ತೋಳಿನ ಅಂಗಿಯೊಂದನ್ನು ಹೊಲಿದು ತೊಟ್ಟುಕೊಂಡ.

ಒಂಬತ್ತನೆಯ ದಿನ ತಮ್ಮ ಬಂದ. ಎಷ್ಟಾದರೂ ಅವನದೂ ದರ್ಜಿಯ ಕಣ್ಣು.

"ಏನಣ್ಣ, ತೋಳು ಮೂರು ಬೆರಳು ಉದ್ದ ಬಿಟ್ಟಿದೀಯ? ಕಸುಬು ಮರೆತೆಯಾ?" ಎನ್ನುತ್ತ ಹಿಡಿದು ಮಡಚಿದ. ಒಳಗೆ ತೋಳೆಲ್ಲ ಕೆಂಪಾಗಿ ಸುಲಿದಿತ್ತು. ಆಮೇಲೆ ಅಣ್ಣನ ರೆಟ್ಟೆ ಬಿಡದೆ ಆಸ್ಪತ್ರೆಗೆ ಎಳೆದೊಯ್ದ.

"ನಾವು ಹೊಂದಿಸಿ ನೋಡೋದು ಕೆಲವೇ ಜೀನುಗಳನ್ನ," ಎಂದರು ಡಾಕ್ಟರಮ್ಮ. "ಉಳಿದ ಸಾವಿರಾರು ಜೀನುಗಳು ಅಣ್ಣತಮ್ಮಂದಿರಲ್ಲೂ ಬೇರೆಬೇರೆ. ಕೊಟ್ಟವರ ಕಣಗಳಿಗೆ ಇದು ಪರರ ಮನೆ ಅನ್ನಿಸಿದ್ರೆ ಚರ್ಮದ ಮೇಲೆ ಬೀಳ್ತವೆ. ಕೆಲವರ ಜೀನುಗಳಿಂದ ಆ ಸಿಟ್ಟು ಇನ್ನೂ ಜಾಸ್ತಿ."

"ನೀರಿಗೆ ಹಾಕದೆ ಕತ್ತರಿಸಿದ ಬಟ್ಟೆ ಹಾಗೆ," ಎಂದ ದರ್ಜಿ. "ಅಳತೆ ಸರಿ, ಒಗೆದ್ಮೇಲೆ ಕುಗ್ಗಿ ಹಿಡಿಯುತ್ತೆ."

"ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಕರುಳಿಗೂ ಇಳೀಬಹುದಿತ್ತು. ಉಳಿಸೋದು ಕಷ್ಟವಾಗ್ತಿತ್ತು."

ತಮ್ಮ ತಲೆ ತಗ್ಗಿಸಿದ. "ಹಾಗಾದ್ರೆ ನನ್ನ ಸಿಟ್ಟೇನಾ, ಡಾಕ್ಟ್ರೇ?"

"ಜೀನಿಗೆ ನಿಮ್ಮ ಮನೆ ಜಗಳ ಗೊತ್ತಿರಲ್ಲಪ್ಪ."

ಮದ್ದು ನಾಟಿತು, ವಾರಗಳ ಮೇಲೆ ಕೆಂಪು ಇಳಿಯಿತು. ಒಂದು ಬೆಳಿಗ್ಗೆ ತಮ್ಮ ಸಾಣೆ ಹಿಡಿಸಿದ ಅಪ್ಪನ ಕತ್ತರಿಯೊಂದಿಗೆ ಬಂದು, ಆ ಅಂಗಿಯನ್ನು ಮೇಜಿನ ಮೇಲೆ ಹಾಸಿದ.

"ಇನ್ಮೇಲೆ ಅರ್ಧ ತೋಳು. ದಿನಾ ಬಂದು ನೋಡ್ತೀನಿ."

"ನೆಟ್ಟಗೆ ಕತ್ತರಿಸೋ," ಎಂದ ಅಣ್ಣ. "ಪ್ಯಾಂಟಲ್ಲ ಅದು."