ಡಾಕ್ಟರು ಹೇಳದ ಪಥ್ಯ

ಅಕ್ಕಾ, ತೂಕ ಇಳಿಸಿಕೊಂಡೇ ವ್ಯಾಯಾಮಕ್ಕೆ ಬರಬೇಕೆಂದು ಡಾಕ್ಟರು ಹೇಳಿರಲಿಲ್ಲ. ಹೇಳಿದವಳು ನಾನು. ಅವರ ಹೆಸರು ಮುಂದೆ ಮಾಡಿ ನಿನ್ನನ್ನು ಮನೆಯಲ್ಲೇ ಕೂರಿಸಿದೆ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ದಿನಗಳು ಅವು. ನಾನು ಬಿಣಗಾದಿಂದ ದಿನಾ ಕಾರವಾರಕ್ಕೆ ಹೋಗಿ ಒಂದು ಆಸ್ಪತ್ರೆಯ ಬಿಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಅಂಕೋಲೆಯ ನಿನ್ನ ಮನೆಯಲ್ಲಿ ಅಷ್ಟು ವರ್ಷ ಸೌದೆ ಒಲೆ ಊದಿ ಊದಿ ನಿನ್ನ ಶ್ವಾಸಕೋಶ ಕೆಟ್ಟಿತ್ತು. ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಏದುಸಿರು. ನೀನೋ ನಮ್ಮ ಮನೆಯಲ್ಲೇ ದೊಡ್ಡ ಮೈಯವಳು — ಚಿಕ್ಕವಳಿದ್ದಾಗ ನಿನ್ನ ಮಡಿಲಿಗಿಂತ ಮೆತ್ತಗಿನ ಜಾಗ ನನಗೆ ಬೇರೆ ಇರಲಿಲ್ಲ.

ಇಂಥ ರೋಗಿಗಳಿಗೆಂದೇ ನಮ್ಮ ಆಸ್ಪತ್ರೆಯಲ್ಲಿ ಆಗಷ್ಟೇ ನಡಿಗೆಯ, ಉಸಿರಾಟದ ವ್ಯಾಯಾಮ ಶುರುವಾಗಿತ್ತು. ನಿನ್ನ ತೂಕದ ವಿಷಯ ಕೇಳಿದ್ದಕ್ಕೆ ಡಾಕ್ಟರು ಅಂದದ್ದು ಇಷ್ಟೇ: "ದಪ್ಪ ಇದ್ದವರಿಗೂ ಇದರಿಂದ ಉಪಯೋಗ ಆಗ್ತದೆ. ಈಗಲೇ ಕರಕೊಂಡು ಬಾ. ತೂಕ ನಿಧಾನ ಇಳಿಸುವಾ, ಉಪವಾಸ ಮಾತ್ರ ಹಾಕಬೇಡ."

ಆ ವ್ಯಾಯಾಮ ನಡೆಯುತ್ತಿದ್ದುದು ನನ್ನ ಕೌಂಟರಿನ ಎದುರಿನ ವರಾಂಡದಲ್ಲಿ. ನೀನು ಅಲ್ಲಿ ಏದುತ್ತ ನಡೆಯುವುದನ್ನು ಜೊತೆಯವರು ನೋಡುತ್ತಾರೆ, ಇವಳ ಅಕ್ಕನಂತೆ ಎನ್ನುತ್ತಾರೆ — ಬೇರೆ ಕಾರಣ ಇರಲಿಲ್ಲ. ನಾಚಿಕೆ. ಎತ್ತಿ ಆಡಿಸಿದ ಅಕ್ಕನ ಬಗ್ಗೆ ನನಗೆ...

ನಮ್ಮ ಕಡೆ ಯಾರಿಗೆ ಏನೇ ಕಾಯಿಲೆಯಾದರೂ ಮೊದಲು ನಿಲ್ಲುವುದು ಮೀನು. ಗಂಜಿ, ಉಪ್ಪಿನಕಾಯಿ, ಅದೇ ಪಥ್ಯ. ಮೊದಲು ತೂಕ ಇಳಿಯಬೇಕಂತೆ ಎಂದು ಡಾಕ್ಟರ ಹೆಸರಿನಲ್ಲಿ ನಿನಗೂ ಅದನ್ನೇ ಹೇಳಿದೆ. "ಮೀನು ಬಿಟ್ಟು ಹ್ಯಾಂಗೆ ಇರೂದೆ ತಂಗಿ?" ಎಂದು ನೀನು ನಕ್ಕೆ. ಆದರೂ ಬಿಟ್ಟೆ, ನಾನು ಹೇಳಿದೆನೆಂದು. ಮಳೆಗಾಲ ಮುಗಿಯುವಷ್ಟರಲ್ಲಿ ತೂಕ ಇಳಿಯಿತು, ಕಾಲಿನ ಬಲವೂ ಹೋಯಿತು. ನಿನ್ನ ಮನೆಗೆ ಬಂದಾಗ, ಊಟದ ಮಣೆಯಿಂದ ಏಳಲು ನೀನು ಗೋಡೆ ಹಿಡಿದದ್ದು ಕಂಡು ನಾನು ಹೆದರಿದೆ. ಈಗ ಬರಬಹುದಂತೆ ಎಂದು ಇನ್ನೊಂದು ಸುಳ್ಳು ಹೇಳಿ ನಿನ್ನನ್ನು ಕರೆತಂದೆ.

ಯಾರೂ ನಗಲಿಲ್ಲ, ಅಕ್ಕಾ. ಕೌಂಟರಿನ ಹುಡುಗಿಯರು ನಿನಗೆ ಕುರ್ಚಿ ತಂದುಕೊಟ್ಟರು. ಡಾಕ್ಟರು ನಿನಗೆ ಮೀನು, ಮೊಟ್ಟೆ ತಿನ್ನಲು ಹೇಳಿದರು; ತೂಕ ಇಳಿದದ್ದಕ್ಕೇ ಈಗ ಬಿಟ್ಟರೆಂದು ನೀನು ತಿಳಿದೆ. ವಾರದೊಳಗೆ ನಿನ್ನ ಬಾಂಗಡೆ ಮೀನಿನ ಸಾರಿನ ರುಚಿ ನನಗಿಂತ ಹೆಚ್ಚು ಆ ಹುಡುಗಿಯರಿಗೇ ಗೊತ್ತಾಗಿತ್ತು. ನೀನು ನಿಧಾನಕ್ಕೆ ನಡೆದೆ. ನನ್ನಿಂದ ಕಳಕೊಂಡ ಬಲ ಮಾತ್ರ ಪೂರ್ತಿ ಮರಳಲಿಲ್ಲ.

ನೀನೋ, ಹೋದಲ್ಲೆಲ್ಲ ನನ್ನನ್ನೇ ಹೊಗಳಿದೆ. ತಂಗಿ ಬಾಯಿ ಕಟ್ಟಿಸಿದ್ದಕ್ಕೇ ತಾನು ನಡೆಯುತ್ತಿರುವುದಂತೆ. ಆ ಹೊಗಳಿಕೆಯನ್ನು ನಾನು ಇಷ್ಟು ವರ್ಷ ಸುಮ್ಮನೆ ತಿಂದೆ.

ನಿನ್ನೆ ಫೋನಿನಲ್ಲಿ ನೀನು ಖುಷಿಯಿಂದ ಹೇಳಿದೆ. ಪಕ್ಕದ ಮನೆಯ ಸಾವಿತ್ರಿಗೂ ಅದೇ ಏದುಸಿರು, ಅವಳೂ ದಪ್ಪ, ಆಸ್ಪತ್ರೆಯವರು ವ್ಯಾಯಾಮಕ್ಕೆ ಕರೆದಿದ್ದಾರೆ. "ಮೊದ್ಲು ತೂಕ ಇಳಿಸು ಅಂದೆ. ಮೀನು ಬಿಡಿಸ್ದೆ, ತಂಗಿ. ನೀ ನಂಗೆ ಮಾಡ್ದ ಹಾಂಗೇ." ನಾನು ಹೂಂ ಎಂದೆ. ಆಗಲೂ ಹೂಂ ಎಂದೆ!

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಸಾವಿತ್ರಿಯ ಎದುರಿಗೇ ಇಷ್ಟನ್ನೂ ನಿನಗೆ ಹೇಳಿ, ಅವಳನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತೇನೆ. ನನ್ನ ಹೆಸರು ಹೇಳಿ ನೀನು ಇನ್ನೂ ಎಷ್ಟು ಮನೆಗಳಲ್ಲಿ ಮೀನು ಬಿಡಿಸಿದ್ದೀಯೋ, ನನಗೆ ಗೊತ್ತಿಲ್ಲ. ಆ ಮನೆಗಳನ್ನು ನೀನೇ ತೋರಿಸಬೇಕು, ಅಕ್ಕಾ. ಒಂದೊಂದಕ್ಕೂ ನಾನೇ ಹೋಗಿ ಹೇಳುತ್ತೇನೆ.