ವಾಲ್ಟರ್ ಅವರ ಕಿಲ್ಟಿನ ಪಕ್ಕದಲ್ಲಿ

ಒದ್ದೆ ಉಣ್ಣೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಬರುವ ವಾಸನೆ ನಿಮಗೆ ಗೊತ್ತೇ? ಮಳೆಯಲ್ಲಿ ನೆನೆದ ಕುರಿ ಒಲೆಯ ಹತ್ತಿರ ಬಂದು ನಿಂತ ಹಾಗಿರುತ್ತದೆ. ಮೊನ್ನೆ ನನ್ನ ಗಂಡ ರಮಾನಂದರ ಕೋಟು ತರಲು ಡ್ರೈಕ್ಲೀನರ್ ಅಂಗಡಿಗೆ ಹೋಗಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಕೌಂಟರಿನ ಹೆಂಗಸು ಎರಡು ಸಲ ಹೆಸರು ಕೇಳಿದಳಂತೆ, ನನಗೆ ಕೇಳಿಸಲಿಲ್ಲ. ನಾನಾಗಲೇ ಮ್ಯಾನ್‌ಹಟನ್ನಿನ ಹತ್ತಿರದ ಮೆಟುಚೆನ್ ಎಂಬ ಊರಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಗುಡುಗುಡು ಎನ್ನುವ ವಾಷಿಂಗ್ ಮೆಷಿನ್‌ಗಳ ನಡುವೆ ನಿಂತಿದ್ದೆ.

ಪುತ್ತೂರಿನವಳಾದ ನನಗೆ ಉಣ್ಣೆಯ ಪರಿಚಯ ಅಷ್ಟಕ್ಕಷ್ಟೆ. ನಮ್ಮ ಕಡೆ ಉಣ್ಣೆ ಎಂದರೆ ಬೆಂಗಳೂರು ಬಸ್ಸಿನಲ್ಲಿ ಹೋಗುವ ಹಿರಿಯರು ಕಿವಿಗೆ ಸುತ್ತಿಕೊಳ್ಳುವ ಮಫ್ಲರ್. ಆ ಬೇಸ್‌ಮೆಂಟಿನಲ್ಲಿ ಒಂದು ದಿನ ಡ್ರೈಯರಿನೊಳಗೆ ತಲೆ ಹಾಕಿ ಮಗಳು ನಿಧಿಯ ಸಾಕ್ಸ್ ಹುಡುಕುತ್ತಿದ್ದಾಗ, ನನ್ನ ಪಕ್ಕದಲ್ಲಿ ಎರಡು ದೊಡ್ಡ ಬಿಳಿ ಮೊಣಕಾಲುಗಳು ಬಂದು ನಿಂತವು. ನೋಟ ಮೇಲೆತ್ತಿದರೆ ಹಸಿರು ಚೌಕಳಿಯ ನೆರಿಗೆಲಂಗ. ಇನ್ನೂ ಎತ್ತಿದರೆ ಅರವತ್ತರ ಗಡಿಯಲ್ಲಿದ್ದ ಒಬ್ಬ ಗಂಡಸು. ನಮ್ಮ ಕೆಳಗಿನ ಮನೆಯ ವಾಲ್ಟರ್. ಅವರು ಉಟ್ಟದ್ದು ಲಂಗವಲ್ಲ, ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂದು ಆಮೇಲೆ ತಿಳಿಯಿತು. ವಾಲ್ಟರ್ ಮಾತ್ರ ಸ್ಕಾಟ್ಲೆಂಡಿನವರಲ್ಲ. ಅವರ ಅಜ್ಜ ಪೋಲೆಂಡಿನಿಂದ ಬಂದವರು. ಹಬ್ಬವಿಲ್ಲ, ಮೆರವಣಿಗೆಯಿಲ್ಲ, ಹಾಲು ತರಲು, ಕಸ ಹಾಕಲು, ಪೋಸ್ಟ್ ಆಫೀಸಿಗೆ ಹೋಗಲು ಅದನ್ನೇ ಉಡುತ್ತಿದ್ದರು.

ಇನ್ನೊಂದು ಕಿಲ್ಟನ್ನು ಮೇಜಿನ ಮೇಲೆ ಹರಡಿ, ನೆರಿಗೆಗಳ ಜೊತೆ ಅವರು ನಡೆಸುತ್ತಿದ್ದ ಯುದ್ಧ ನೋಡಲಾಗಲಿಲ್ಲ. ಒಂದು ನೆರಿಗೆಗೆ ಇಸ್ತ್ರಿ ಮಾಡುವಷ್ಟರಲ್ಲಿ ಪಕ್ಕದ್ದು ಬಿಚ್ಚಿಕೊಳ್ಳುತ್ತಿತ್ತು. ಸೀರೆ ಉಟ್ಟು ಬೆಳೆದವಳಿಗೆ ನೆರಿಗೆ ಹೊಸತೇ? ಸೂಜಿ ದಾರ ತಂದು, ನೆರಿಗೆಗಳನ್ನು ಉದ್ದಕ್ಕೂ ಓಡುಹೊಲಿಗೆಯಲ್ಲಿ ಹಿಡಿದು, ಇಸ್ತ್ರಿಯಾದ ಮೇಲೆ ದಾರ ಎಳೆದುಬಿಡಿ ಎಂದು ತೋರಿಸಿಕೊಟ್ಟೆ. ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು. ಎರಡು ವಾರಕ್ಕೊಮ್ಮೆ ನಾನು ಹೊಲಿಯುವುದು, ಅವರು ನಮ್ಮ ನಿಧಿಗೆ ಇಸ್ಪೀಟೆಲೆಯ ಮನೆ ಕಟ್ಟಿಕೊಡುವುದು.

ಇಷ್ಟರಲ್ಲೇ ನನ್ನನ್ನು ಒಳ್ಳೆಯವಳೆಂದುಕೊಳ್ಳಬೇಡಿ. ಬಾಸ್ಕಿಂಗ್ ರಿಡ್ಜ್‌ನಲ್ಲಿ ಸ್ನೇಹಿತರ ಮನೆಗೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಹೋದಾಗಲೆಲ್ಲ ನನ್ನದೊಂದು ಐಟಂ ಇರುತ್ತಿತ್ತು. ದುಪಟ್ಟಾವನ್ನು ಸೊಂಟಕ್ಕೆ ಸುತ್ತಿ, ವಾಲ್ಟರ್ ಹಾಗೆ ಕಾಲೆಳೆಯುತ್ತಾ, ಕಿಲ್ಟನ್ನು ಗಾಳಿಯಿಂದ ಕಾಪಾಡುತ್ತಾ ನಡೆದು ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದು ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ, ಎಲೆಯ ಮೇಲೆ ಎಲೆ ಇಡುತ್ತಾ ಆರು ವರ್ಷದ ನಿಧಿ ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದಳು: "ಮಮ್ಮಿ ಪಾರ್ಟಿಯಲ್ಲಿ ನಿಮ್ಮ ಥರ ನಡೀತಾಳೆ."

ನೆಲ ಬಾಯಿ ತೆರೆಯಲಿಲ್ಲ. ಬೇಸ್‌ಮೆಂಟಿನ ಕೆಳಗೆ ಇನ್ನೆಲ್ಲಿಗೆ ಹೋಗುವುದು? ವಾಲ್ಟರ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತೋರಿಸಿ ನೋಡೋಣ ಎಂದರು. ಇಲ್ಲವೆನ್ನಲಾಗದೆ, ಡ್ರೈಯರಿನಿಂದ ಬಾಗಿಲವರೆಗೆ ನಾಲ್ಕು ಹೆಜ್ಜೆ ನಡೆದೆ.

"ಕಾಲು ತಪ್ಪು," ಎಂದರು. "ನಾನು ಎಳೆಯುವುದು ಬಲಗಾಲು."

ಆಗ ತಿಳಿಯಿತು. ಮೊಣಕಾಲಿನ ಆಪರೇಷನ್ ಆದಾಗ ಪ್ಯಾಂಟ್ ಹಾಕಲಾಗದೆ ಒಬ್ಬ ಗೆಳೆಯನ ಕಿಲ್ಟ್ ಉಟ್ಟಿದ್ದರಂತೆ. ಗಾಯ ವಾಸಿಯಾಯಿತು, ಪ್ಯಾಂಟಿಗೆ ಮರಳಲು ಕಾರಣ ಸಿಗಲಿಲ್ಲವಂತೆ. ನಾನು ಕ್ಷಮೆ ಕೇಳಿದೆ. ಅವರು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. ನನ್ನ ಐಟಂ ಅಂದಿಗೆ ಮುಗಿಯಿತು.

ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ್ದು ಆ ವರ್ಷವೇ. ಮ್ಯಾನ್‌ಹಟನ್ನಿನಲ್ಲಿ ರಮಾನಂದರ ಇಡೀ ಟೀಮನ್ನು ಒಂದೇ ಬೆಳಗ್ಗೆ ಮನೆಗೆ ಕಳಿಸಿದರು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ನಾವು ಗಂಟುಮೂಟೆ ಕಟ್ಟಬೇಕು. ಹಗಲೆಲ್ಲ ಕಿಟಕಿಯ ಬ್ಲೈಂಡ್ಸ್ ಮುಚ್ಚಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದರು. ಹೊರಗೆ ಕಾಲಿಡುತ್ತಿರಲಿಲ್ಲ. ಮೆಟುಚೆನ್ನಿನ ಬೀದಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಯಾರಾದರೊಬ್ಬ ಪರಿಚಯದವರು ಸಿಗುತ್ತಾರೆ. ವಾರದ ದಿನ ಮನೆಯಲ್ಲಿದ್ದೀರಾ ಎಂದು ಕೇಳುತ್ತಾರೆ. ಗಡ್ಡ ಬೆಳೆಯಿತು. ನಿಧಿಯ ಜೊತೆಗೂ ಮಾತು ಕಡಿಮೆಯಾಯಿತು. ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆ.

ಏಳರ ಟ್ರೇನಿಗೆ ಓಡುವ ಬೂಟಿನ ಸದ್ದು ನಿಂತದ್ದು ಕೆಳಗಿನ ಮನೆಗೆ ಕೇಳಿಸದೆ ಇರುತ್ತದೆಯೇ? ಒಂದು ಬೆಳಗ್ಗೆ ವಾಲ್ಟರ್ ಮೆಟ್ಟಿಲು ಹತ್ತಿ ಬಂದರು. ಡಾಕ್ಟರು ದಿನಾ ವಾಕ್ ಮಾಡಲು ಹೇಳಿದ್ದಾರೆ, ಹಿಮದ ಮೇಲೆ ಒಬ್ಬನೇ ಹೋದರೆ ಜಾರಿಬಿದ್ದೇನು ಎಂಬ ಹೆದರಿಕೆ, ಜೊತೆಗೆ ಬರುತ್ತೀರಾ ಎಂದು ರಮಾನಂದರನ್ನು ಕೇಳಿದರು. ವಯಸ್ಸಾದವರಿಗೆ ಇಲ್ಲವೆನ್ನುವುದು ಹೇಗೆ? ಮುಖ ಗಂಟಿಕ್ಕಿಕೊಂಡೇ ರಮಾನಂದರು ಹೊರಟರು. ಆ ವಾರ ಹಿಮವೇ ಬಿದ್ದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ವಾಲ್ಟರ್ ಕೆಲಸ ಮಾಡುತ್ತಿದ್ದ ಇನ್ಶೂರೆನ್ಸ್ ಆಫೀಸು ನಮಗಿಂತ ಆರು ತಿಂಗಳು ಮೊದಲೇ ಅವರನ್ನು ಕೆಲಸದಿಂದ ಬಿಡಿಸಿತ್ತು ಎಂಬುದೂ ಆಮೇಲೆಯೇ ಗೊತ್ತಾಯಿತು.

ಮರುದಿನವೂ ಹೋದರು. ಅದರ ಮರುದಿನವೂ. ಕಿಟಕಿಯಿಂದ ನೋಡುತ್ತಿದ್ದೆ: ದಪ್ಪ ಕಾಲುಚೀಲ, ಬೀಸುವ ಹಸಿರು ನೆರಿಗೆ, ಪಕ್ಕದಲ್ಲಿ ಕಪ್ಪು ಜಾಕೆಟ್ಟಿನ ನನ್ನ ಗಂಡ. ಮುಜುಗರವಾಗುವುದಿಲ್ಲವೇ ಎಂದು ಒಂದು ಸಂಜೆ ಕೇಳಿದೆ. ರಮಾನಂದರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಇಲ್ಲ ಮಾರಾಯ್ತಿ. ಎಲ್ರೂ ಅವರನ್ನೇ ನೋಡ್ತಾರೆ. ಅವರ ಪಕ್ಕ ಇದ್ರೆ ನಾನು ಯಾರಿಗೂ ಕಾಣುವುದೇ ಇಲ್ಲ."

ಮಾರನೆಯ ದಿನ ಗಡ್ಡ ಬೋಳಿಸಿಕೊಂಡರು. ಆ ನಡಿಗೆ ಲೈಬ್ರರಿಯವರೆಗೆ ಬೆಳೆಯಿತು. ಅಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಅರ್ಜಿ ಹಾಕುತ್ತಿದ್ದರು. ನಾವು ಸೂಟ್‌ಕೇಸ್ ಇಳಿಸಿ ಧೂಳು ಒರೆಸಿಯಾದ ಮೇಲೆ ಬಾಸ್ಕಿಂಗ್ ರಿಡ್ಜ್‌ನ ಒಂದು ಕಂಪನಿಯಿಂದ ರಮಾನಂದರಿಗೆ ಕರೆ ಬಂತು. ವಾಲ್ಟರ್ ಅವರಿಗೂ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯೂನಿಫಾರ್ಮ್ ಪ್ಯಾಂಟ್ ಕಡ್ಡಾಯ. ಅದರ ಕಾಲು ಮಡಿಸಿ ಹೊಲಿದುಕೊಟ್ಟವಳು ನಾನೇ. ಹಾಕಿಕೊಂಡು ಬಂದು ನಿಂತರು. ಯಾರೋ ಹೊಸಬರನ್ನು ನೋಡಿದಂತಾಯಿತು. ಚೆನ್ನಾಗಿದೆ ಎಂದೆ. ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ನಾವು ಮನೆ ಬದಲಿಸಿದ ಮೇಲೆ ಕೆಲವು ವರ್ಷ ಕ್ರಿಸ್‌ಮಸ್ ಕಾರ್ಡ್ ಬರುತ್ತಿತ್ತು. ಒಂದು ವರ್ಷ ಬರಲಿಲ್ಲ.

ಮೊನ್ನೆ ಆ ಕೋಟು ಹಿಡಿದು ಮನೆಗೆ ಬಂದಾಗ ರಮಾನಂದರು ಬೂಟು ಕಟ್ಟಿಕೊಳ್ಳುತ್ತಿದ್ದರು. ಅವರ ಆಫೀಸಿನ ಗುರುಪ್ರಸಾದ ಎಂಬವರನ್ನು ಹೋದ ವಾರ ಕೆಲಸದಿಂದ ತೆಗೆದಿದ್ದಾರೆ. ಮನೆಯಿಂದ ಹೊರಗೆ ಬರುತ್ತಿಲ್ಲವಂತೆ. ವಾಕಿಂಗಿಗೆ ಜೊತೆ ಬೇಕು ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ತಿರುಗಿ ಬಂದು, ಬಾಗಿಲಲ್ಲೇ ನಿಂತು ತಮ್ಮ ಪ್ಯಾಂಟನ್ನು ನೋಡಿಕೊಂಡರು.

"ಪಾಪ, ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ಇದ್ದ," ಎಂದರು. "ನನ್ನ ಪಕ್ಕ ಅವನು ಎಲ್ರಿಗೂ ಕಾಣ್ತಾನೆ."