ಬಣ್ಣ ಹಚ್ಚದ ನಳ

ಮಿರಜ್ ನಿಲ್ದಾಣದ ಹೊರಗೆ ಕಟ್ಟೆಯ ಮೇಲೆ ನಿಲ್ಲಿಸಿರುವ ಸಣ್ಣ ಉಗಿ ಇಂಜಿನ್ನಿಗೆ ಇವತ್ತು ಹೊಸ ಬಣ್ಣ. ಸಾಂಗ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು, ನೋಡುತ್ತ ನಿಂತೆ. ಮೈಯೆಲ್ಲ ಮಿರಿಮಿರಿ ಕಪ್ಪು. ಅದರ ಪಕ್ಕೆಗಿದ್ದ ಒಂದು ಹಿತ್ತಾಳೆ ನಳ ಮಾತ್ರ ಹಾಗೆಯೇ ಹೊಳೆಯುತ್ತಿತ್ತು. ಮರೆತಿರಾ ಎಂದು ಪೇಂಟರನ್ನು ಕೇಳಿದೆ.

"ಮರತಿಲ್ರಿ. ಸಾಹೇಬ್ರು ಎಲ್ಲಾ ಕರ್ರಗ ಮಾಡು ಅಂದಾರ. ಆದ್ರ ಅದಕ್ಕ ಬಣ್ಣ ಹಚ್ಚಿದ್ರ ಮಾವಶಿ ನನ್ನ ಬಿಡೂದಿಲ್ಲ. ನೋಡ್ರಿ, ಬಂದ್ರು."

ಅವನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದ ಸಮಡೋಳಿ ಊರಿನ ಆ ಮುದುಕಿ ಮಂಡಿನೋವಿನ ಔಷಧಿಗೆ ಮಿರಜಿಗೆ ಬಂದಾಗಲೆಲ್ಲ ಇಲ್ಲಿಗೂ ಬರುತ್ತಾರಂತೆ. ಚೀಲದಿಂದ ಹುಣಸೆಹಣ್ಣು ತೆಗೆದು ನಳವನ್ನು ತಿಕ್ಕತೊಡಗಿದರು. ನಾನು ಕೇಳುವ ಮೊದಲೇ ಹೇಳಿದರು:

"ಪಂಢರಪುರಕ್ಕ ಹೊಂಟಿದ್ದ ಗಾಡ್ಯಾಗ ನಮ್ಮವ್ವ ನನ್ನ ಹಡದ್ಲರಿ. ಡ್ರೈವರ್ ಗಾಡಿ ನಿಂದ್ರಿಸಿ ಈ ನಳದಾಗಿಂದ ಕೊಡಪಾನ ತುಂಬ ಬಿಸಿನೀರು ಕೊಟ್ಟ. ನನಗ ಮೊದಲ್ನೇ ನೀರು ಎರದದ್ದು ಅದರಲೇ."

"ಇದೇ ಇಂಜಿನ್ನೇನು?" ಎಂದೆ. ಕೇಳಬಾರದಿತ್ತು.

ಮಾವಶಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಯಾವ್ದಿತ್ತೋ ಯಾರಿಗ್ಗೊತ್ರಿ. ಉಳದದ್ದು ಇದೊಂದ ಅಲ್ಲೇನು? ಇದಕ್ಕ ಹೇಳಿದ್ರ ಎಲ್ಲಾಕ್ಕೂ ಮುಟ್ಟತೈತಿ."

ಪೇಂಟರ್ ಬ್ರಷ್ ಕೆಳಗಿಟ್ಟು ತನ್ನ ಬಾಟಲಿಯಿಂದ ನೀರು ಹಾಕಿದ. ಅವರು ನಳ ತೊಳೆದು ಸೆರಗಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ ಅದರ ಹಿಡಿಕೆ ತಿರುಗಿಸಿದರು. ಏನೂ ಬರಲಿಲ್ಲ. ತೀರ್ಥಕ್ಕೆ ಒಡ್ಡುವಂತೆ ಅಂಗೈ ಒಡ್ಡಿ, ಕಣ್ಣಿಗೆ ಒತ್ತಿಕೊಂಡರು.

ಹೊರಟವರು ಏನೋ ನೆನಪಾಗಿ ಹಿಂದಿರುಗಿ ಬಂದು, ನೀರು ಪೋಲಾಗದ ಹಾಗೆ, ನಳವನ್ನು ಬಿಗಿಯಾಗಿ ಬಂದ್ ಮಾಡಿದರು.